ವ್ರತದವರಿಗೆ ತುಪ್ಪ ಆಗ್ತದೆ

ತೊಂದರೆ ಶುರುವಾದದ್ದು ಒಂದು ಚಮಚದಿಂದ.

ಮೂರು ತಿಂಗಳ ಹಿಂದೆ ಪುತ್ತೂರಿನ ಡಾಕ್ಟರ್ ಹರಿಪ್ರಸಾದ್ ಕುಶಾಲಪ್ಪನ ರಕ್ತದ ರಿಪೋರ್ಟನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚೀಟಿಯ ಹಿಂಬದಿಯಲ್ಲಿ ಒಂದು ಪೈಪಿನ ಚಿತ್ರ ಬರೆದರು. ಸ್ಪ್ರಿಂಕ್ಲರ್ ಪೈಪಿನೊಳಗೆ ಕೆಸರು ಕೂತರೆ ನೀರು ಹೇಗೆ ಸಣ್ಣಗಾಗುತ್ತದೋ ಹೃದಯದ ರಕ್ತನಾಳದ ಕತೆಯೂ ಹಾಗೆಯೇ ಎಂದರು. ಆ ಕೆಸರು ಎಲ್ಲಿಂದ ಬರುತ್ತದೆ ಎಂದೂ ಹೇಳಿದರು. ಎಣ್ಣೆಯನ್ನು ಕಾರ್ಖಾನೆಯಲ್ಲಿ ಗಟ್ಟಿ ಮಾಡಿದ ವನಸ್ಪತಿ, ಅದನ್ನು ಹಾಕಿ ಮಾಡಿದ ಬೇಕರಿಯ ಪಪ್ಸು ಬಿಸ್ಕೆಟು, ನಿನ್ನೆ ಮೊನ್ನೆಯ ಎಣ್ಣೆಯನ್ನೇ ಮತ್ತೆ ಕಾಯಿಸಿ ಕರಿದ ಪೋಡಿ, ಬಜ್ಜಿ. ಇವು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುವುದು ಮಾತ್ರವಲ್ಲ, ಒಳ್ಳೆಯದನ್ನು ಇಳಿಸುತ್ತವೆ. ಮೂರು ತಿಂಗಳು ಇವು ಯಾವುದನ್ನೂ ಮುಟ್ಟಬಾರದು. ಆಮೇಲೆ ಇನ್ನೊಂದು ಟೆಸ್ಟು. ಅದರಲ್ಲೂ ಇಳಿಯದಿದ್ದರೆ ಮಂಗಳೂರಿಗೆ ಹೋಗಿ ಆ್ಯಂಜಿಯೋಗ್ರಾಂ.

ಎಲ್ಲ ಕೇಳಿಸಿಕೊಂಡ ಕುಶಾಲಪ್ಪ ಸಣ್ಣ ಸ್ವರದಲ್ಲಿ, ತುಪ್ಪ ಆದೀತೋ ಎಂದು ಕೇಳಿದ.

"ಮನೆಯಲ್ಲೇ ಕಾಯಿಸಿದ್ದಾದರೆ ದಿನಕ್ಕೆ ಒಂದು ಚಮಚ ಪರವಾಗಿಲ್ಲ. ನಾನೂ ತಿಂತೇನೆ" ಎಂದರು ಡಾಕ್ಟರು.

ಅಷ್ಟೊತ್ತು ಹೇಳಿದ ಮಾತುಗಳಲ್ಲಿ ಕುಶಾಲಪ್ಪ ಮನೆಗೆ ಜೋಪಾನವಾಗಿ ತಂದದ್ದು ಈ ಒಂದನ್ನೇ. ಮೊದಲ ವಾರ ಅದು ಚಾದ ಚಮಚವಾಗಿತ್ತು. ಎರಡನೆಯ ವಾರ ಊಟದ್ದಾಯಿತು. ತಿಂಗಳಾಗುವಾಗ ಅದು ಪಲ್ಯ ಬಡಿಸುವ ಚಮಚವಾಗಿತ್ತು. ಡಾಕ್ಟರು ಚಮಚದ ಅಳತೆ ಹೇಳಿರಲಿಲ್ಲವಲ್ಲ ಎಂಬುದು ಅವನ ವಾದ. ಉಳಿದದ್ದರಲ್ಲಿ ಮಾತ್ರ ಅವನು ಪ್ರಾಮಾಣಿಕ. ತೊಂಬತ್ತು ದಿನ ಒಂದು ತುಂಡು ಪಪ್ಸು ಮುಟ್ಟಲಿಲ್ಲ, ಗೋಳಿಬಜೆಯ ವಾಸನೆ ಬಂದರೆ ರಸ್ತೆಯ ಆಚೆ ಬದಿಗೆ ದಾಟಿದ. ಬೆಳಿಗ್ಗೆ ಗಂಜಿ, ರಾತ್ರಿ ಗಂಜಿ, ನಡುವೆ ಬೇಯಿಸಿದ ತರಕಾರಿ. ಬದುಕು ಸಪ್ಪೆಯಾಗಿತ್ತು, ಅವನಿಗೆ ದಣಿವಾಗಿತ್ತು. ಆದರೂ ತಡೆದುಕೊಂಡ. ಯಾಕೆಂದರೆ ಅವನ ಅಪ್ಪ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಹೋದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಕುಶಾಲಪ್ಪನಿಗೆ ಈಗ ಐವತ್ತೆಂಟು. ಮಗಳು ಪ್ರಣೀತಾಳ ಮದುವೆಗೆ ಇನ್ನು ಹನ್ನೆರಡು ದಿನ ಇತ್ತು. ಅವಳ ಕೈ ಹಿಡಿದು ಧಾರೆ ಎರೆಯುವ ಹೊತ್ತಿಗೆ ತಾನು ಮಂಗಳೂರಿನ ಆಸ್ಪತ್ರೆಯ ಮಂಚದ ಮೇಲಿರಬಾರದು, ಅವನಿಗೆ ಬೇಕಾದದ್ದು ಅಷ್ಟೇ.

ಟೆಸ್ಟು ನಾಳೆ ಬೆಳಿಗ್ಗೆ ಏಳು ಗಂಟೆಗೆ. ಈ ಒಂದು ದಿನ ನಾಲಗೆ ಹಿಡಿದುಕೊಂಡರೆ ಸಾಕಿತ್ತು. ಆದರೆ ಮದುವೆಯ ಕಾಗದ ಕೊಡಲಿಕ್ಕೆ ಹೊರಡಬೇಕಾದದ್ದು ಇವತ್ತೇ.

ಕಾಗದವನ್ನು ಫೋನಿನಲ್ಲಿ ಕಳಿಸಿದರೆ ನಮ್ಮಲ್ಲಿ ಅದು ಹೇಳಿಕೆಯಲ್ಲ, ಕರೆದ ಲೆಕ್ಕವಲ್ಲ. ಮನೆಗೇ ಹೋಗಬೇಕು, ಚಾವಡಿಯಲ್ಲಿ ಕೂರಬೇಕು, ಬೆಲ್ಲ ನೀರು ಕುಡಿಯಬೇಕು, ಆಮೇಲೆ ಅವರು ಕೊಟ್ಟದ್ದನ್ನು ತಿನ್ನಬೇಕು. ತಿನ್ನದೆ ಎದ್ದರೆ ಮನೆಯವರು ಏನೂ ಹೇಳುವುದಿಲ್ಲ, ಮದುವೆಯ ದಿನ ಬರುವುದಿಲ್ಲ. ಹೆಂಡತಿ ಲೋಲಾಕ್ಷಿ ಜೊತೆಗೆ ಬರಬೇಕಿತ್ತು. ಮನೆಗೆ ಬಣ್ಣ ಬಳಿಯುವವರು ಎರಡು ವಾರ ಕಾಯಿಸಿ ಇವತ್ತೇ ಬಂದದ್ದರಿಂದ ಅವಳು ಮನೆಯಲ್ಲೇ ನಿಂತಳು. ಅವಳ ತಮ್ಮ ಜಯಪ್ರಕಾಶ ಕಾರು ತಂದ. ಯಾರ ಮನೆಯಲ್ಲಿ ಏನು ಕೊಟ್ಟರೂ ಬೇಡ ಎನ್ನದ, ಯಾವ ಸಂಕಟಕ್ಕೂ ತಕ್ಷಣ ಒಂದು ಉಪಾಯ ಹೇಳುವ ಮನುಷ್ಯ. ಉಪಾಯದ ನಂತರ ಏನಾಗುತ್ತದೆ ಎಂದು ಯೋಚಿಸುವ ಅಭ್ಯಾಸ ಅವನಿಗೆ ಇರಲಿಲ್ಲ.

ರಾಮಕುಂಜದಿಂದ ಹೊರಟು ಮೊದಲು ಹೋದದ್ದು ಕಡಬದ ದುಗ್ಗಪ್ಪನ ಮನೆಗೆ. ದುಗ್ಗಪ್ಪ ಸಂಬಂಧದಲ್ಲಿ ಮಾವ, ಎಪ್ಪತ್ತೈದು ದಾಟಿದ ಹಿರಿಯ. ಬೆಲ್ಲ ನೀರಿನ ಹಿಂದೆಯೇ ಒಂದು ತಟ್ಟೆ ಬಂತು. ಅದರಲ್ಲಿ ಎರಡು ಪಪ್ಸು, ಒಂದು ರಾಶಿ ಮಿಕ್ಸ್ಚರು, ಅಂಚಿನಲ್ಲಿ ನಾಲ್ಕು ಬೆಣ್ಣೆ ಬಿಸ್ಕೆಟು. ಬೆಣ್ಣೆಯ ಹೆಸರು ಮಾತ್ರ ಇರುವ ಆ ಬಿಸ್ಕೆಟನ್ನು ಕುಶಾಲಪ್ಪ ಹಳೆಯ ಗೆಳೆಯನನ್ನು ನೋಡುವ ಹಾಗೆ ನೋಡಿದ. ಮತ್ತೆ ಕಷ್ಟಪಟ್ಟು, ಡಾಕ್ಟರು ಬೇಡ ಎಂದಿದ್ದಾರೆ, ಹೃದಯಕ್ಕೆ ಆಗುವುದಿಲ್ಲ ಎಂದ.

ದುಗ್ಗಪ್ಪನ ಮುಖ ಸಣ್ಣದಾಯಿತು. ತನಗೂ ಎದೆಯಲ್ಲಿ ಎರಡು ಸ್ಟೆಂಟು ಇದೆ, ತಾನು ದಿನಾ ತಿನ್ನುತ್ತೇನೆ, ಡಾಕ್ಟರು ಹೇಳಿದ್ದನ್ನೆಲ್ಲ ಕೇಳಿದ್ದರೆ ಯಾವಾಗಲೋ ಹಸಿವಿನಿಂದ ಸಾಯುತ್ತಿದ್ದೆ ಎಂದರು. ಆಮೇಲೆ ಕೈಯಲ್ಲಿದ್ದ ಮದುವೆ ಕಾಗದವನ್ನು ಮೆಲ್ಲಗೆ ಟೀಪಾಯಿಯ ಮೇಲೆ ಇಟ್ಟರು.

"ನೀವು ನಮ್ಮಲ್ಲಿ ತಿನ್ನುದಿಲ್ಲ. ಹಾಗಾದರೆ ನಾವು ನಿಮ್ಮಲ್ಲಿ ಊಟಕ್ಕೆ ಬರುದು ಹೇಗೆ?"

ಕುಶಾಲಪ್ಪನ ಕೈ ಪಪ್ಸಿನ ಕಡೆಗೆ ಅರ್ಧ ದಾರಿ ಹೋಗಿತ್ತು. ಅಷ್ಟರಲ್ಲಿ ಜಯಪ್ರಕಾಶ, ಬಾಯಲ್ಲಿದ್ದದ್ದನ್ನು ನುಂಗಿ, ಉಪಾಯ ಹೇಳಿದ.

"ಡಾಕ್ಟ್ರದ್ದು ಅಲ್ಲ ಮಾವ. ಬಾವನಿಗೆ ವ್ರತ. ಮದುವೆ ಮುಗಿಯುವವರೆಗೆ ಕರಿದದ್ದು, ಬೇಕರಿದ್ದು ಮುಟ್ಟುದಿಲ್ಲ. ಹೇಳಿಕೊಳ್ಳಲಿಕ್ಕೆ ನಾಚಿಕೆ ಅವರಿಗೆ."

ದುಗ್ಗಪ್ಪ ಎದ್ದು ನಿಂತರು. ಯಾವ ದೇವರಿಗೆ ಎಂದು ಕೇಳಿದರು. ಸುಬ್ರಹ್ಮಣ್ಯಕ್ಕೆ ಎಂದ ಜಯಪ್ರಕಾಶ, ಸುಬ್ರಹ್ಮಣ್ಯ ಆ ಕಡೆಗೇ ಇದ್ದದ್ದರಿಂದ. ತಟ್ಟೆ ಮಾಯವಾಯಿತು. ದುಗ್ಗಪ್ಪ ಕಾಗದವನ್ನು ಮತ್ತೆ ಎತ್ತಿ ಕಣ್ಣಿಗೆ ಒತ್ತಿಕೊಂಡರು. ಡಾಕ್ಟರ ಮಾತಿಗೆ ಕವಡೆಯ ಬೆಲೆ ಕೊಡದ ಮನೆ ದೇವರ ಹೆಸರಿಗೆ ಹೀಗೆ ಬಾಗಿದ್ದು ಕಂಡು ಕುಶಾಲಪ್ಪನಿಗೆ ಪಾಪಪ್ರಜ್ಞೆ ಆಯಿತು, ಅದಕ್ಕಿಂತ ಹೆಚ್ಚು ಸಮಾಧಾನ ಆಯಿತು.

ಆದರೆ ಬರಿಗೈಯಲ್ಲಿ ಕಳಿಸುವ ಮನೆ ಅದಲ್ಲ. "ವ್ರತದವರಿಗೆ ತುಪ್ಪ ಆಗ್ತದೆ" ಎಂದು ದುಗ್ಗಪ್ಪ ಒಳಗೆ ಕೂಗಿ ಹೇಳಿದರು. ಬಟ್ಟಲಲ್ಲಿ ಕದಳಿ ಬಾಳೆಹಣ್ಣು, ಬೆಲ್ಲ, ಮೇಲಿಂದ ಮೂರು ಚಮಚ ತುಪ್ಪ ಬಂತು. ಇದು ಅಂಗಡಿಯದ್ದಲ್ಲ, ಕಲ್ಲುಗುಂಡಿಯ ವಾರಿಜಾಕ್ಷಿ ನಾಟಿ ದನದ ಹಾಲಿನಿಂದ ಮನೆಯಲ್ಲೇ ಮಾಡುವುದು ಎಂದು ಬಾಟ್ಲಿ ತಂದು ತೋರಿಸಿದರು. ಹಳದಿ ಮುಚ್ಚಳ, ಮೇಲೆ ದನದ ಚಿತ್ರ. ಕುಶಾಲಪ್ಪನಿಗೆ ಆ ಬಾಟ್ಲಿ ಚೆನ್ನಾಗಿ ಗೊತ್ತಿತ್ತು. ಅವನ ಮನೆಗೂ ತಿಂಗಳಿಗೆ ಒಂದೂವರೆ ಕೇಜಿ ಅಲ್ಲಿಂದಲೇ ಬರುವುದು. ವಾರಿಜಾಕ್ಷಿ ಮದುಮಗ ಉಲ್ಲಾಸನ ದೊಡ್ಡಮ್ಮ. ತುಪ್ಪ ತರುತ್ತ ತರುತ್ತಲೇ ಮದುವೆಯ ಮಾತುಕತೆ ಆದದ್ದು, ಮಾತು ಕುದುರಿಸಿದ್ದೂ ಅವರೇ. ಅವನು ನಿಶ್ಚಿಂತೆಯಿಂದ ಬಟ್ಟಲು ಖಾಲಿ ಮಾಡಿದ.

ಕಾರು ಪಂಜ ತಲುಪುವ ಮೊದಲೇ ವ್ರತ ತಲುಪಿತ್ತು. ದುಗ್ಗಪ್ಪ ಫೋನು ಮಾಡಿದ್ದರು. ಲೋಲಾಕ್ಷಿಯ ಅಕ್ಕನ ಲೆಕ್ಕದ ಪಂಕಜಾಕ್ಷಿ ಅಂಗಳದಲ್ಲೇ ಕಾಯುತ್ತಿದ್ದಳು. ಬಂದ ತಕ್ಷಣ ಅವಳು ನೋಡಿದ್ದು ಕುಶಾಲಪ್ಪನ ಕಾಲನ್ನು.

"ಎಂತ ಬಾವ, ವ್ರತ ಅಂತ ಹೇಳಿದ್ರು, ಚಪ್ಪಲಿ ಹಾಕಿದ್ದೀರಲ್ಲ?"

ದಾರಿಯಲ್ಲಿ ಮುಳ್ಳು ಇತ್ತು ಎಂದು ಜಯಪ್ರಕಾಶ ಸಮಜಾಯಿಷಿ ಕೊಟ್ಟು, ಬಾವನ ಚಪ್ಪಲಿಯನ್ನು ತಾನೇ ಕಳಚಿ ಡಿಕ್ಕಿಗೆ ಹಾಕಿದ. ಹನ್ನೊಂದು ಗಂಟೆಯ ಬಿಸಿಲಿಗೆ ಸಿಮೆಂಟಿನ ಅಂಗಳ ಕಾದ ಕಾವಲಿಯ ಹಾಗಿತ್ತು. ಕುಶಾಲಪ್ಪ ಕಾಲು ಎತ್ತಿ ಎತ್ತಿ ಇಡುತ್ತ ಚಾವಡಿ ಸೇರಿದ. ಪಂಕಜಾಕ್ಷಿ ಅದನ್ನೂ ಭಕ್ತಿಯ ಲಕ್ಷಣ ಎಂದೇ ತಿಳಿದಳು. ಮಗ ಪ್ರಖ್ಯಾತನಿಗೆ ಒಂದು ಹುಡುಗಿ ಸಿಗುವ ಹಾಗೆ ವ್ರತದಲ್ಲಿ ಸೇರಿಸಿಕೊಳ್ಳಬೇಕು ಎಂದು ಕೇಳಿದಳು. ಕುಶಾಲಪ್ಪ ಸೇರಿಸಿಕೊಂಡ. ತುಪ್ಪದ ಅವಲಕ್ಕಿ ಬಂತು, ಐದು ಚಮಚ. ಕಲ್ಲುಗುಂಡಿಯದ್ದೇ, ಸಂಶಯ ಬೇಡ ಎಂದಳು. ಸಂಶಯ ಅವನಿಗೆ ಮೊದಲೇ ಇರಲಿಲ್ಲ. ಅವರ ಮನೆಯ ತಾಜಾ ಬನ್ಸನ್ನು ಜಯಪ್ರಕಾಶ ಇಬ್ಬರ ಪಾಲಿನದ್ದೂ ತಿಂದ.

ಸುಳ್ಯಕ್ಕೆ ಹೋಗುವ ದಾರಿಯಲ್ಲಿ ಲೋಲಾಕ್ಷಿಯ ಫೋನು ಬಂತು. ಹೆಂಡತಿಗೂ ಹೇಳದೆ ವ್ರತ ಹಿಡಿದದ್ದು ಯಾವಾಗ ಎಂದು ಅವಳು ಕೇಳಿದಳು. ಜಗಳಕ್ಕೆ ಕೇಳಿದ್ದಲ್ಲ, ಸ್ವರ ಒದ್ದೆಯಾಗಿತ್ತು. ಮೂವತ್ತು ವರ್ಷದಲ್ಲಿ ಒಂದು ಸಂಕಷ್ಟಿಯನ್ನೂ ಸರಿಯಾಗಿ ಮಾಡದ ಮನುಷ್ಯ ಮಗಳಿಗೋಸ್ಕರ ಬರಿಗಾಲಲ್ಲಿ ನಡೆಯುತ್ತಿದ್ದಾನೆ ಎಂದು ಪಂಕಜಕ್ಕ ಹೇಳಿದ್ದಳಂತೆ. ಕುಶಾಲಪ್ಪನಿಗೆ ನಿಜ ಹೇಳಬೇಕು ಎನಿಸಿತು. ಅಷ್ಟರಲ್ಲಿ ಆ ಕಡೆ ಬಣ್ಣದವರು ಏಣಿ ಜಾರಿಸುವ ಸದ್ದು ಕೇಳಿ ಲೋಲಾಕ್ಷಿ ಫೋನು ಇಟ್ಟಳು.

ಸುಳ್ಯದ ದೇವದಾಸ ಮಾಸ್ಟ್ರು ಎಲ್ಲದಕ್ಕೂ ಶಾಸ್ತ್ರ ಹೇಳುವವರು. ನಿವೃತ್ತರಾಗಿ ಹತ್ತು ವರ್ಷವಾದರೂ ಎದುರಿಗೆ ಕೂತವರೆಲ್ಲ ಐದನೆಯ ಕ್ಲಾಸಿನವರೇ. ಅವರಲ್ಲಿಗೆ ಬರುವಾಗ ಫೋನಿನಿಂದ ಫೋನಿಗೆ ಬೆಳೆದು ವ್ರತ ನಲವತ್ತೆಂಟು ದಿನದ್ದಾಗಿತ್ತು, ಕುಶಾಲಪ್ಪ ಚಾಪೆಯೂ ಇಲ್ಲದೆ ನೆಲದಲ್ಲಿ ಮಲಗಲಿಕ್ಕೆ ಶುರುಮಾಡಿದ್ದ. ಮಾಸ್ಟ್ರು ಅವನನ್ನು ಕುರ್ಚಿಯಲ್ಲಿ ಕೂರಲು ಬಿಡಲಿಲ್ಲ, ನೆಲದಲ್ಲಿ ಮಣೆ ಹಾಕಿಸಿದರು. ಒಪ್ಪೊತ್ತು ಮಾತ್ರ ಉಣ್ಣುವ ವ್ರತದವರಿಗೆ ಪಿತ್ತ ಏರುತ್ತದೆ, ಪಿತ್ತಕ್ಕೆ ತುಪ್ಪವೇ ಮದ್ದು, ಏಳು ಚಮಚಕ್ಕೆ ಕಡಿಮೆಯಾದರೆ ಫಲವಿಲ್ಲ ಎಂದರು. ಒಂದೊಂದು ಚಮಚವನ್ನೂ ಗಟ್ಟಿಯಾಗಿ ಎಣಿಸಿದರು. ಕುಶಾಲಪ್ಪನಿಗೆ ಅಷ್ಟರಲ್ಲಿ ಗಂಟಲಿನವರೆಗೆ ತುಪ್ಪ ತುಂಬಿದ ಹಾಗೆ ಆಗಿತ್ತು. ಆರನೆಯದಕ್ಕೆ ಅವನು ಕಣ್ಣು ಮುಚ್ಚಿದ, ಮಾಸ್ಟ್ರು ಅದನ್ನು ಧ್ಯಾನ ಎಂದುಕೊಂಡು ಕೈ ಮುಗಿದು ಮತ್ತೆ ಏಳನೆಯದನ್ನು ಸುರಿದರು.

ಕಾರಿನಲ್ಲಿ ಕೂತು ಅವನು ಬೆಳಗ್ಗಿನಿಂದ ತಿಂದದ್ದನ್ನು ನೆನಪಿಸಿಕೊಂಡ. ಹದಿನೈದು ಚಮಚ. ಹೆಚ್ಚಾಯಿತು, ಒಪ್ಪಬೇಕಾದದ್ದೇ. ಆದರೆ ಕಾರ್ಖಾನೆಯಲ್ಲಿ ಗಟ್ಟಿ ಮಾಡಿದ್ದು ಒಂದು ತೊಟ್ಟೂ ಒಳಗೆ ಹೋಗಿಲ್ಲ, ತೊಂಬತ್ತನೆಯ ದಿನವೂ ಹೋಗಿಲ್ಲ. ಇವತ್ತು ಸುಳ್ಳು ಹೇಳಿದ್ದಕ್ಕೆ ಸುಬ್ರಹ್ಮಣ್ಯಕ್ಕೆ ಒಂದು ತಪ್ಪು ಕಾಣಿಕೆ ಹಾಕಿದರೆ ಆಯಿತು. ನಾಳೆ ರಿಪೋರ್ಟು ಒಳ್ಳೆಯದು ಬಂದರೆ ಮಗಳ ಮದುವೆಯಲ್ಲಿ ಹೆದರಿಕೆಯಿಲ್ಲದೆ ಉಸಿರಾಡಬಹುದು. ಹೀಗೆ ಯೋಚಿಸುತ್ತ ಅವನು ಸುಸ್ತಿಗೆ ಸ್ವಲ್ಪ ಕಣ್ಣು ಮುಚ್ಚಿದ.

ಆ ದಿನದ ಕೊನೆಯ ಮನೆ ಕಲ್ಲುಗುಂಡಿಯ ವಾರಿಜಾಕ್ಷಿಯದ್ದೇ. ಗಂಡಿನ ಕಡೆಯವರಾದರೂ ಮದುವೆ ಕುದುರಿಸಿದ ಹಿರಿಯರಿಗೆ ಹೆಣ್ಣಿನ ಅಪ್ಪ ಬೇರೆಯೇ ಒಂದು ಕಾಗದ ಕೊಡಬೇಕು ಎಂದು ಲೋಲಾಕ್ಷಿಯ ಆಜ್ಞೆಯಾಗಿತ್ತು. ಗೇಟಿನಿಂದ ಮನೆಯವರೆಗೆ ಹೊಸದಾಗಿ ಜಲ್ಲಿ ಹಾಕಿದ್ದರು, ಅದರ ಮೇಲೆ ಬೆಳಿಗ್ಗೆಯಷ್ಟೇ ಕೆಮ್ಮಣ್ಣು. ಬರಿಗಾಲಲ್ಲಿ ಅದನ್ನು ದಾಟಿದ ಕುಶಾಲಪ್ಪನ ಕಾಲು ಮೊಣಕಾಲಿನವರೆಗೆ ಕೆಂಪಾಯಿತು. ಜಯಪ್ರಕಾಶ ಚಾವಡಿಗೆ ಹೋಗಿ ಕೂತ. ಕಾಲು ತೊಳೆದು ಬರುತ್ತೇನೆ ಎಂದು ಕುಶಾಲಪ್ಪ ಮನೆಯ ಹಿಂಬದಿಯ ನಳ್ಳಿ ಹುಡುಕಿಕೊಂಡು ಹೋದ. ಚಪ್ಪಲಿ ಇದ್ದಿದ್ದರೆ ಅವನು ಆ ಕಡೆ ಹೋಗುತ್ತಲೇ ಇರಲಿಲ್ಲ.

ಹಿಂಬದಿಯಲ್ಲಿ ಸಾಲಾಗಿ ಹೂವಿನ ಗಿಡಗಳಿದ್ದವು. ಆಂಥೂರಿಯಂ, ಗುಲಾಬಿ, ದಾಸವಾಳ, ಒಟ್ಟು ಹದಿನೆಂಟು. ಚಟ್ಟಿಗಳು ಮಾತ್ರ ಮಣ್ಣಿನವಲ್ಲ, ಹದಿನೈದು ಕೇಜಿಯ ತಗಡಿನ ಡಬ್ಬಗಳು. ಪ್ರತಿಯೊಂದರ ಮೇಲೂ ದೊಡ್ಡ ಅಕ್ಷರದಲ್ಲಿ ವನಸ್ಪತಿ ಎಂದು ಬರೆದಿತ್ತು. ಕುಶಾಲಪ್ಪ ಕಾಲು ತೊಳೆಯುತ್ತ, ಹೋಟೆಲಿನಿಂದ ತಂದಿರಬೇಕು, ಚಂದ ಉಪಯೋಗ ಮಾಡಿದ್ದಾರೆ ಎಂದುಕೊಂಡ. ಆಮೇಲೆ ಎದುರಿನ ಕೊಟ್ಟಿಗೆ ಕಂಡಿತು. ಎರಡು ಸಣ್ಣ ನಾಟಿ ದನ. ಒಂದು ಗಬ್ಬದ್ದು, ಹಾಲು ಕೊಡುವುದಲ್ಲ.

ಇಲ್ಲಿ ಕುಶಾಲಪ್ಪನ ಕೆಲಸ ಏನು ಎಂದು ಹೇಳಬೇಕು. ಅವನು ಇಪ್ಪತ್ತೊಂಬತ್ತು ವರ್ಷದಿಂದ ಊರಿನ ಹಾಲಿನ ಸೊಸೈಟಿಯ ಕಾರ್ಯದರ್ಶಿ. ದಿನಕ್ಕೆ ಎರಡು ಹೊತ್ತು ಊರವರ ಹಾಲಿನ ಜಿಡ್ಡು ಅಳೆಯುವವನು. ಕ್ಯಾನಿನ ಮುಚ್ಚಳ ತೆಗೆದರೆ ಸಾಕು, ಒಂದು ಲೋಟ ನೀರು ಸೇರಿದ್ದನ್ನು ಮೂಗಿನಲ್ಲೇ ಹಿಡಿಯುತ್ತಾನೆ ಎಂದು ಹೆಸರು. ಅಂಥವನ ತಲೆಯಲ್ಲಿ ಲೆಕ್ಕ ತನ್ನಷ್ಟಕ್ಕೆ ಓಡಿತು. ಹಾಲು ಕೊಡುವ ನಾಟಿ ದನ ಒಂದು, ದಿನಕ್ಕೆ ಹೆಚ್ಚೆಂದರೆ ಮೂರು ಲೀಟರ್. ಜಿಡ್ಡು ನಾಲ್ಕೂವರೆ. ಮನೆಯವರು ಕಾಫಿಗೆ ಒಂದು ಹನಿ ಹಾಕದಿದ್ದರೂ ತಿಂಗಳಿಗೆ ನಾಲ್ಕು ಕೇಜಿ ತುಪ್ಪ. ತನ್ನ ಮನೆಗೆ ಒಂದೂವರೆ, ದುಗ್ಗಪ್ಪನಿಗೆ, ಪಂಕಜಕ್ಕನಿಗೆ, ಮಾಸ್ಟ್ರಿಗೆ, ಕಡಬದಿಂದ ಕಲ್ಲುಗುಂಡಿಯವರೆಗೆ ಎಲ್ಲ ಮನೆಯ ಹಳದಿ ಮುಚ್ಚಳಕ್ಕೆ ಅದು ಸಾಲುವುದು ಹೇಗೆ? ಊರಿನ ದನಗಳನ್ನೆಲ್ಲ ಅಳೆದವನು ಈ ಒಂದು ದನವನ್ನು ಅಳೆಯಲೇ ಇಲ್ಲ. ಮನೆಯಲ್ಲೇ ಮಾಡಿದ್ದು, ಅದೂ ನೆಂಟರದ್ದು ಎಂದಮೇಲೆ ಯಾರಾದರೂ ಲೆಕ್ಕ ಹಾಕುತ್ತಾರೆಯೇ?

ನಳ್ಳಿ ಬಂದ್ ಮಾಡುವುದನ್ನೂ ಮರೆತು ಅವನು ಪಕ್ಕದ ಚಾವಣಿಯ ಕೆಳಗೆ ನೋಡಿದ. ಒಲೆಯ ಮೇಲೆ ದೊಡ್ಡ ಉರುಳಿ. ಅದರಲ್ಲಿ ಹೊಂಬಣ್ಣದ ದ್ರವ ಮೆಲ್ಲಗೆ ಕುದಿಯುತ್ತಿತ್ತು, ಮೇಲೆ ವೀಳ್ಯದೆಲೆ ತೇಲುತ್ತಿತ್ತು. ಪಕ್ಕದಲ್ಲಿ ಬಾಯಿ ಕತ್ತರಿಸಿದ ಹತ್ತೊಂಬತ್ತನೆಯ ಡಬ್ಬ. ಅದರಲ್ಲಿ ಇನ್ನೂ ಗಿಡ ನೆಟ್ಟಿರಲಿಲ್ಲ.

"ಓ, ಕುಶಾಲಪ್ಪಣ್ಣ ಇಲ್ಲಿಗೇ ಬಂದ್ರಾ?" ಎನ್ನುತ್ತ ವಾರಿಜಾಕ್ಷಿ ಹಿಂದಿನಿಂದ ಬಂದರು. ಅವರ ಮುಖದಲ್ಲಿ ಸ್ವಲ್ಪವೂ ಗಾಬರಿ ಇರಲಿಲ್ಲ. "ನೋಡಿದ್ರೆ ನೋಡಿ, ತೊಂದರೆ ಇಲ್ಲ. ಇನ್ನು ನೀವು ನಮ್ಮವರೇ ಅಲ್ವಾ, ನಿಮ್ಮ ಹತ್ರ ಮುಚ್ಚುದು ಎಂತ?"

ಅವರು ಕೈಕೆಲಸ ಕಲಿಸುವವರ ಹಾಗೆ ವಿವರಿಸಿದರು. ಒಂದು ಪಾಲು ತುಪ್ಪಕ್ಕೆ ನಾಲ್ಕು ಪಾಲು ಡಬ್ಬದ್ದು. ಚಿಟಿಕೆ ಅರಸಿನ, ಎರಡು ವೀಳ್ಯದೆಲೆ, ಕೊನೆಗೆ ನಾಲ್ಕು ಮೆಂತೆ. ಶುದ್ಧ ತುಪ್ಪ ಕೊಟ್ಟರೆ ಜನಕ್ಕೆ ಆಗುವುದಿಲ್ಲ, ಹರಳು ಸಾಲದು, ಪರಿಮಳ ಸಾಲದು ಎನ್ನುತ್ತಾರೆ. ಇದನ್ನು ಕೊಟ್ಟ ಮೇಲೆ ಒಬ್ಬರೂ ದೂರು ಹೇಳಿಲ್ಲ. ಅದರಲ್ಲಿ ಮೋಸವೇನೂ ಅವರಿಗೆ ಕಂಡಿರಲಿಲ್ಲ, ಎಲ್ಲವನ್ನೂ ಮನೆಯಲ್ಲೇ, ತಮ್ಮ ಕೈಯಲ್ಲೇ ಕಾಯಿಸುತ್ತಿದ್ದರಲ್ಲ.

ಕುಶಾಲಪ್ಪ ಬಾಯಿ ಕತ್ತರಿಸಿದ ಡಬ್ಬದೊಳಗೆ ಬಗ್ಗಿ ನೋಡಿದ. ತೊಂಬತ್ತು ದಿನ ಅವನು ಗಂಜಿಗೆ ಸುರಿದುಕೊಂಡದ್ದು ಅದನ್ನೇ, ಪಲ್ಯ ಬಡಿಸುವ ಚಮಚದಲ್ಲಿ. ಪಪ್ಸಿನಲ್ಲಾದರೆ ಮೈದಾವಾದರೂ ನಡುವೆ ಇರುತ್ತಿತ್ತು. ಅಸಲು ತುಪ್ಪ ಯಾರಿಗೂ ಕೊಡುವುದಿಲ್ಲವೇ ಎಂದು ಕೇಳಿದ.

"ಒಬ್ಬರಿಗೆ ಕೊಡ್ತೇನೆ. ಪುತ್ತೂರಿನ ಹರಿಪ್ರಸಾದ್ ಡಾಕ್ಟ್ರಿಗೆ. ಅವರು ಓದಿದವರು, ಅವರಿಗೆ ಗೊತ್ತಾಗ್ತದೆ."

ಡಾಕ್ಟರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅವರು ತಿನ್ನುತ್ತಿದ್ದದ್ದು ನಿಜವಾಗಿಯೂ ಮನೆಯ ತುಪ್ಪವೇ.

ಚಾವಡಿಯಲ್ಲಿ ಉಲ್ಲಾಸನ ಅಪ್ಪ, ಚಿಕ್ಕಪ್ಪ ಬಂದು ಕೂತಿದ್ದರು. ವ್ರತದ ವಿಷಯ ಅವರಿಗೂ ಮುಟ್ಟಿತ್ತು, ಇಂಥ ಬೀಗರು ಸಿಗುವುದು ಪುಣ್ಯ ಎಂದರು. ಕುಶಾಲಪ್ಪ ಕಾಗದ ಕೊಟ್ಟು ಮಣೆಯಲ್ಲಿ ಕೂತ. ವಾರಿಜಾಕ್ಷಿ ಬಟ್ಟಲು ತಂದರು. ಬಾಳೆಹಣ್ಣು ಎಲ್ಲೋ ತಳದಲ್ಲಿತ್ತು. ಒಂದು ಮಾತು ಸಾಕಿತ್ತು. ವಾರಿಜಕ್ಕ, ಇದು ವಿಷ ಎಂದು ಹೇಳಿದರೆ ಮುಗಿಯಿತು. ಆದರೆ ಅದರ ಜೊತೆ ಪ್ರಣೀತಾಳ ಮದುವೆಯೂ ಮುಗಿಯುವ ಸಂಭವವಿತ್ತು. ಮೊನ್ನೆ ಸೀರೆಯ ಸೆರಗು ಹೊದ್ದು ಕನ್ನಡಿಯ ಮುಂದೆ ನಿಂತಿದ್ದ ಮಗಳ ಮುಖ ಅವನಿಗೆ ನೆನಪಾಯಿತು. ವ್ರತ ಎಂದು ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. ವ್ರತದವರಿಗೆ ತುಪ್ಪ ಆಗುತ್ತದೆ.

ಅಷ್ಟರಲ್ಲಿ ಲೋಲಾಕ್ಷಿಯ ಫೋನು. ನಾಳೆ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಸಂಜೆ ಏಳರ ನಂತರ ಏನೂ ತಿನ್ನಬಾರದು, ಅಲ್ಲಿಯೇ ಹೊಟ್ಟೆ ತುಂಬ ತಿಂದು ಬನ್ನಿ ಎಂದಳು. ಬರುವಾಗ ಎರಡು ಬಾಟ್ಲಿ ತುಪ್ಪ ತನ್ನಿ, ನಮ್ಮದು ಮುಗಿದಿದೆ ಎಂದೂ ಹೇಳಿದಳು.

ಕುಶಾಲಪ್ಪ ತಿಂದ. ಒಂಬತ್ತು ಚಮಚ, ತೊಟ್ಟು ಬಿಡದೆ. ಹೇಗುಂಟು ಎಂದು ವಾರಿಜಾಕ್ಷಿ ಕೇಳಿದರು. ಇಪ್ಪತ್ತೊಂಬತ್ತು ವರ್ಷ ಯಾರ ಮುಖವನ್ನೂ ನೋಡದೆ ಹಾಲು ತಿರಸ್ಕರಿಸಿದವನು ತಲೆ ತಗ್ಗಿಸಿ, "ಒಳ್ಳೆದುಂಟು ಅಕ್ಕ" ಎಂದ.

ಹೊರಡುವಾಗ ಅವರು ನಾಲ್ಕು ಬಾಟ್ಲಿ ಕೊಟ್ಟರು. ಎರಡು ಮನೆಗೆ, ಎರಡು ಅವನ ವ್ರತಕ್ಕೆಂದೇ. ಮದುವೆಯ ಹೋಳಿಗೆಗೆ ಮೂವತ್ತು ಕೇಜಿ ಬೇರೆ ಕಾಯಿಸಿ ಇಡುತ್ತೇನೆ, ಅದು ಗಂಡಿನ ಕಡೆಯ ಉಡುಗೊರೆ ಎಂದರು. ಕುಶಾಲಪ್ಪ ಕೈ ಮುಗಿದು ಕಾರು ಹತ್ತಿದ. ಬಾಟ್ಲಿಗಳು ಇನ್ನೂ ಬೆಚ್ಚಗಿದ್ದವು.

ಸಂಪಾಜೆ ಕಡೆಯಿಂದ ಬಂದ ಬಸ್ಸೊಂದಕ್ಕೆ ದಾರಿ ಬಿಟ್ಟುಕೊಟ್ಟು ಜಯಪ್ರಕಾಶ ಹೊಟ್ಟೆ ಸವರಿಕೊಂಡ. ಇಡೀ ದಿನ ಹಾಳುಮೂಳು ತಿಂದು ತನಗೆ ಎದೆ ಉರಿಯುತ್ತಿದೆ, ಬಾವನದ್ದೇ ಪುಣ್ಯ, ಇಡೀ ದಿನ ತುಪ್ಪ ಎಂದ. ಕುಶಾಲಪ್ಪ ಕಿಟಕಿಯ ಕಡೆ ಮುಖ ಮಾಡಿ ಎದೆಯ ಎಡಬದಿಗೆ ಕೈ ಇಟ್ಟುಕೊಂಡಿದ್ದ.

"ನಾಳೆ ಟೆಸ್ಟ್ ಮುಗಿಸಿ ಸೀದಾ ಬೆಳ್ಳಾರೆ ಕಡೆ ಹೋಗುವ ಬಾವ" ಎಂದ ಜಯಪ್ರಕಾಶ. "ಅಲ್ಲಿ ಹದಿನಾರು ಮನೆ ಉಂಟು. ದುಗ್ಗಪ್ಪ ಮಾವ ಎಲ್ಲ ಕಡೆ ಫೋನ್ ಮಾಡಿ ಹೇಳಿದ್ದಾರೆ. ನಿಮಗೆ ಎಂತ ಹೆದರಿಕೆ, ವ್ರತ ಉಂಟಲ್ಲ."